ಘಟ್ಟ ದಾಟಿದ್ದು ತಗ್ಗಿನಲ್ಲಿ ಕಟ್ಟಿದ ತಂತಿಯಿಂದ: ನಮ್ಮ ಹ್ಯಾಮ್ ಕ್ಲಬ್ಬಿನ ಅನುಭವ

ನಮ್ಮದು ಪರವಾನಿಗೆ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತನಾಡುವವರ, ಅಂದರೆ ಹ್ಯಾಮ್‌ಗಳ ಕ್ಲಬ್ಬು. ಶಿರಸಿಗೂ ಕಾರವಾರಕ್ಕೂ ನೇರ ಗೆರೆಯಲ್ಲಿ 80 ಕಿ.ಮೀ. ಅಂತರವಷ್ಟೆ. ಆದರೂ ನಮ್ಮ ಕ್ಲಬ್ಬಿನ ಆರಂಭದ ವರ್ಷಗಳಲ್ಲಿ ಎರಡೂ ಊರುಗಳ ಸದಸ್ಯರು ದಿಲ್ಲಿಯವರೊಡನೆ ಸಲೀಸಾಗಿ ಮಾತನಾಡುತ್ತಿದ್ದರೇ ಹೊರತು ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿರಲಿಲ್ಲ. ಎರಡು ಮೀಟರ್ ಬ್ಯಾಂಡಿನ (ತರಂಗದ ಉದ್ದ ಸುಮಾರು ಎರಡು ಮೀಟರ್) ಹ್ಯಾಂಡ್‌ಸೆಟ್ಟುಗಳು ಶಿರಸಿ ಪೇಟೆಯಿಂದ ಗುಡ್ಡ ದಾಟುತ್ತಿರಲಿಲ್ಲ.

ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರನ್ನು ಹಾಕುವುದೆಂದು ನಿಶ್ಚಯಿಸಿ ಸುಮಾರು ನಲವತ್ತು ಸಾವಿರ ರೂಪಾಯಿ ಕೂಡಿಸಿದೆವು. ಅದರ ಮುಕ್ಕಾಲು ಪಾಲು ಕಂಬಕ್ಕೆ, ಬ್ಯಾಟರಿಗೆ, ಸೋಲಾರ್ ಫಲಕಕ್ಕೆ ಕರಗಿತು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಕೆಟ್ಟಿತು, ಮರುವರ್ಷದ ಮುಂಗಾರುಪೂರ್ವ ಸಿಡಿಲಿಗೆ ರಿಸೀವರ್ ಸುಟ್ಟಿತು. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿದಾಗ ಕಾರವಾರದ ಸದಸ್ಯರ ಸುದ್ದಿ ನಮಗೆ ತಲುಪಿದ್ದು ಬೆಂಗಳೂರಿನ ಹ್ಯಾಮ್ ಒಬ್ಬರ ಮೂಲಕ ಸುತ್ತುಬಳಸಿ.

ಆ ಬಳಿಕವೇ ನಾನು ನಲವತ್ತು ಮೀಟರ್ ಬ್ಯಾಂಡಿನ ಡೈಪೋಲನ್ನು, ಅಂದರೆ ಎರಡು ತೋಳುಗಳ ತಂತಿ ಆಂಟೆನಾವನ್ನು, ಏರಿಸುವ ಬದಲು ಇಳಿಸೋಣವೆಂದೆ. ನೆಲದಿಂದ ನಾಲ್ಕೈದು ಮೀಟರ್ ಎತ್ತರದಲ್ಲಿದ್ದರೆ ಸಂಕೇತ ನೆಟ್ಟಗೆ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ ನಮ್ಮ ಜಿಲ್ಲೆಯ ಮೇಲೆಯೇ ಬೀಳಬೇಕೆಂಬುದು ನನ್ನ ವಾದವಾಗಿತ್ತು. ಹಿರಿಯರೊಬ್ಬರು, ಬಟ್ಟೆ ಒಣಗಿಸಲಿಕ್ಕಾದರೂ ಬಂದೀತು, ಎಂದು ನಕ್ಕರು. ಮೊದಲಾದರೆ ಅಡಿಕೆ ಮರದ ತುದಿಗೆ ತಂತಿ ಕಟ್ಟಲು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕಾಯಬೇಕಿತ್ತು, ಕೊಯ್ಲಿನ ಕಾಲದಲ್ಲಿ ಅವರು ಸಿಗುವುದೇ ದುರ್ಲಭ, ಗಾಳಿಗೆ ಮರ ತೂಗಿ ತಂತಿ ಹರಿಯುವುದಂತೂ ತಪ್ಪುತ್ತಿರಲಿಲ್ಲ. ಈಗ ಏಣಿಯೊಂದು ಸಾಕಾಯಿತು. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಬಿಟ್‌ಎಕ್ಸ್ 40 ರೇಡಿಯೋ ಸೆಟ್ಟಿಗೆ ನಾಲ್ಕು ಸಾವಿರದ ಆಸುಪಾಸು, ತಂತಿ, ಕೇಬಲ್ಲುಗಳಿಗೆ ಒಂದೂವರೆ ಸಾವಿರ ಹಿಡಿದಿರಬಹುದು. ಏಳು ವಾಟ್‌ಗಿಂತ ಹೆಚ್ಚಿಲ್ಲದ ಆ ಸೆಟ್ಟಿನಲ್ಲಿ ಹಗಲು ಹತ್ತರ ಹೊತ್ತಿಗೆ ಕಾರವಾರವನ್ನು ಕರೆದರೆ, ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳವಾಗಿ ಉತ್ತರ ಬಂತು.

ತಗ್ಗಿನ ತಂತಿಯ ಅನುರಣನ ಆವರ್ತನ (ಅದು ಚೆನ್ನಾಗಿ ಮಿಡಿಯುವ ಆವರ್ತನ) ಕೆಳಗಿಳಿಯುವುದರಿಂದ ಪ್ರತಿ ತೋಳನ್ನೂ ಹತ್ತು ಮೀಟರಿಗಿಂತ ತುಸು ಕತ್ತರಿಸಬೇಕಾಗುತ್ತದೆ. ಎಷ್ಟೆಂಬುದನ್ನು ನಿಮ್ಮ ತೋಟದ ಮಣ್ಣೇ ಹೇಳುತ್ತದೆ. ಕಡಲತೀರದಲ್ಲಿ ಉಪ್ಪುಗಾಳಿಗೆ ಬೆಸುಗೆಗಳು ಒಂದೇ ಮಳೆಗಾಲದಲ್ಲಿ ಹಸಿರುಗಟ್ಟುತ್ತವೆ. ಅದಕ್ಕೆ ನಾನು ಕಂಡುಕೊಂಡ ಲೇಪನವನ್ನು ಕ್ಲಬ್ಬಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಕತ್ತಲಾದ ಮೇಲೆ ನಲವತ್ತು ಮೀಟರ್ ನಮ್ಮ ತಲೆಯ ಮೇಲಿಂದ ಹಾರಿ ದೂರದ ಊರುಗಳಿಗೆ ಹೋಗಿಬಿಡುತ್ತದೆ. ಅದಕ್ಕೆಂದು ಎಂಬತ್ತು ಮೀಟರ್ ಬ್ಯಾಂಡನ್ನೂ ಪ್ರಯತ್ನಿಸಿದೆ. ಕಾರವಾರದ ಹಿತ್ತಲಿನಲ್ಲಿ ಅಷ್ಟುದ್ದದ ತಂತಿಗೆ ಜಾಗವಿಲ್ಲದೆ ತೆಂಗಿನ ಮರಕ್ಕೆ ಸುತ್ತು ಹಾಕಿ ಬಾಗಿಸಿದೆವು. ಜುಲೈನಲ್ಲಿ ಪರವಾಗಿಲ್ಲ, ಮೇ ತಿಂಗಳಲ್ಲಿ ಗುಡುಗಿನ ಗರಗರ ಬಿಟ್ಟರೆ ಬೇರೇನೂ ಕೇಳಿಸದು.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ನೆಟ್, ಅಂದರೆ ಎಲ್ಲರೂ ರೇಡಿಯೋದಲ್ಲಿ ಕೂಡುವ ಮಾತುಕತೆ, ನಡೆಯುತ್ತದೆ. ಮಳೆಯ ಅಳತೆ, ಕಡಿದ ರಸ್ತೆ, ಹೋದ ಕರೆಂಟು ಎಲ್ಲವೂ ದಾಖಲಾಗುತ್ತವೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ, ಯಾವ ದಾರಿ ತೆರೆದಿದೆಯೆಂದು ಕಾರವಾರದಿಂದ ಕೇಳಿ ಬರೆದುಕೊಂಡು ಪ್ರಯಾಣಕ್ಕೆ ಹೊರಟವರಿಗೆ ತಿಳಿಸಿದೆವು. ರಿಪೀಟರಿಗೆಂದು ಕೂಡಿಸಿ ಉಳಿದಿದ್ದ ಹಣದಲ್ಲಿ ಕುಮಟೆಗೂ ಒಂದು ಸೆಟ್ಟು ಬಂದಿದೆ. ಹೊನ್ನಾವರದವರು ಪರವಾನಿಗೆ ಪರೀಕ್ಷೆಗೆ ಓದುತ್ತಿದ್ದಾರೆ.