ವ್ಯಾಪಾರದ ಬೆಲೆ, ಕರಾರು ಮುರಿದ ನಷ್ಟ: ನ್ಯಾಯಾಲಯ ಒಪ್ಪುವಂತೆ ಲೆಕ್ಕ ಸಿದ್ಧಪಡಿಸುವುದು ಹೇಗೆ

ಪಾಲುದಾರಿಕೆಯಿಂದ ಹೊರಬಂದವರೂ, ಕರಾರಿನಂತೆ ಸರಕು ಬಾರದೆ ನಷ್ಟ ಅನುಭವಿಸಿದ ವರ್ತಕರೂ ವಕೀಲರ ಬಳಿ ಮೊದಲು ಕೇಳುವುದು ‘ನನಗೆ ಎಷ್ಟು ಬರಬಹುದು’ ಎಂದು. ನ್ಯಾಯಾಲಯ ಮಾತ್ರ ಮೊತ್ತದಿಂದ ಆರಂಭಿಸುವುದಿಲ್ಲ. ಯಾವ ದಿನದ ಬೆಲೆ, ಯಾವ ಊರಿನ ದರ, ಯಾವ ಆಧಾರದ ಲೆಕ್ಕ ಎಂಬುದನ್ನು ಅದು ಮೊದಲು ನಿಶ್ಚಯಿಸಿಕೊಳ್ಳುತ್ತದೆ; ಈ ಮೂರನ್ನು ತಪ್ಪಾಗಿ ಹಿಡಿದವರ ಅಂಕಿಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ದಿನಾಂಕದಿಂದಲೇ ಆರಂಭಿಸಬೇಕು. ಪಾಲುದಾರರಾಗಿದ್ದರೆ ಪಾಲುದಾರಿಕೆ ಪತ್ರವನ್ನು ತೆಗೆದು, ನಿವೃತ್ತಿ ಅಥವಾ ಮರಣದ ಸಂದರ್ಭದಲ್ಲಿ ಪಾಲನ್ನು ಹೇಗೆ ಲೆಕ್ಕ ಹಾಕಬೇಕೆಂದು ಅದರಲ್ಲಿ ಬರೆದಿದೆಯೇ ಎಂದು ನೋಡಿ, ಏಕೆಂದರೆ ನ್ಯಾಯಾಲಯವೂ ಮೊದಲು ನೋಡುವುದು ಅದನ್ನೇ. ಪತ್ರದಲ್ಲಿ ಬೇರೆ ಒಪ್ಪಂದವಿಲ್ಲದೆ, ಉಳಿದವರು ಲೆಕ್ಕ ತೀರಿಸದೆ ಅದೇ ಆಸ್ತಿಯಿಂದ ವ್ಯಾಪಾರ ಮುಂದುವರಿಸಿದರೆ, 1932ರ ಪಾಲುದಾರಿಕೆ ಕಾಯ್ದೆಯ 37ನೇ ಕಲಂ ಹೊರಹೋದವರಿಗೂ ತೀರಿಕೊಂಡವರ ವಾರಸುದಾರರಿಗೂ ಒಂದು ಆಯ್ಕೆಯನ್ನು ಕೊಡುತ್ತದೆ: ತಮ್ಮ ಪಾಲಿನ ಹಣವನ್ನು ಬಳಸಿದ್ದರಿಂದ ಬಂದ ಲಾಭವನ್ನು ಕೇಳಬಹುದು, ಇಲ್ಲವೇ ಆ ಹಣದ ಮೇಲೆ ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿಯನ್ನು ಕೇಳಬಹುದು. ನಿಮ್ಮ ಪಾಲು 30 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ ಬಡ್ಡಿ 5 ಲಕ್ಷ 40 ಸಾವಿರ ಆಗುತ್ತದೆ. ಲಾಭ ಇದಕ್ಕಿಂತ ಹೆಚ್ಚಿತ್ತೇ ಎಂಬುದನ್ನು ಸಂಸ್ಥೆಯ ಲೆಕ್ಕ ನೋಡಿದ ಮೇಲೆಯೇ ತೀರ್ಮಾನಿಸಬೇಕು. ಹೆಚ್ಚಿನವರು ಈ ಆಯ್ಕೆ ಇದೆಯೆಂದು ತಿಳಿಯದೆಯೇ ದಾವೆ ಹೂಡುತ್ತಾರೆ ಎಂಬುದು ನನಗೆ ಬೇಸರದ ಸಂಗತಿ.

ಮುಂದಿನದು ಬೆಲೆ ಕಟ್ಟುವ ವಿಧಾನ. ಬ್ಯಾಲೆನ್ಸ್ ಶೀಟಿನಲ್ಲಿ ಕಟ್ಟಡವು ಕೊಂಡ ಬೆಲೆಯಲ್ಲಿ, ಅದರಿಂದಲೂ ಸವಕಳಿ ಕಳೆದು ನಮೂದಾಗಿರುವುದರಿಂದ, ಪುಸ್ತಕದ ಬೆಲೆಯನ್ನೇ ನಿಜವಾದ ಬೆಲೆಯೆಂದು ಒಪ್ಪಿಕೊಂಡರೆ ಹೊರಹೋಗುವವರಿಗೆ ನಷ್ಟ. ಹಾಗೆಂದು ಆಸ್ತಿಯನ್ನೆಲ್ಲ ಇಂದಿನ ದರದಲ್ಲಿ ಕೂಡಿಸಿಬಿಟ್ಟರೂ ಸಾಲದು. ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ವಹಿವಾಟಾಗದ ಕಂಪನಿ ಷೇರುಗಳ ಕುರಿತು ಸುಪ್ರೀಂ ಕೋರ್ಟ್ 1972ರ ಮಹದೇವ ಜಾಲಾನ್ ಪ್ರಕರಣದಲ್ಲಿ ಹೇಳಿದ ತತ್ವ ಇಲ್ಲಿ ದಾರಿ ತೋರುತ್ತದೆ. ಅದು ಸಂಪತ್ತು ತೆರಿಗೆಯ ಪ್ರಕರಣವಾಗಿದ್ದರೂ, ನಡೆಯುತ್ತಿರುವ ಉದ್ಯಮದ ಬೆಲೆಯನ್ನು ಸಾಮಾನ್ಯವಾಗಿ ಅದರ ಗಳಿಕೆಯಿಂದ ಅಳೆಯಬೇಕು, ಆಸ್ತಿಯನ್ನು ಬಿಡಿಬಿಡಿಯಾಗಿ ಮಾರಿದರೆ ಬರುವ ಲೆಕ್ಕವನ್ನು ಮುಚ್ಚುವ ಸ್ಥಿತಿಯಂಥ ವಿಶೇಷ ಸಂದರ್ಭಗಳಿಗೆ ಉಳಿಸಬೇಕು ಎಂಬುದು ಅದರ ಸಾರ.

ಗಳಿಕೆಯ ಲೆಕ್ಕದಲ್ಲಿ ಜಗಳ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಂದು ಕಲ್ಪಿತ ಅಕ್ಕಿ ಗಿರಣಿಯ ಉದಾಹರಣೆಯಿಂದ ನೋಡೋಣ. ಸರಾಸರಿ ವಾರ್ಷಿಕ ಲಾಭ 12 ಲಕ್ಷ. ಅಂಥ ವ್ಯಾಪಾರದಲ್ಲಿ ಹಣ ಹೂಡುವವರು ಶೇಕಡಾ 15 ಪ್ರತಿಫಲ ಬಯಸುತ್ತಾರೆ ಎಂದರೆ, ಲಾಭವನ್ನು ಆ ದರದಿಂದ ಭಾಗಿಸಿದಾಗ, ಬೆಲೆ 80 ಲಕ್ಷ. ಶೇಕಡಾ 20 ಎಂದರೆ 60 ಲಕ್ಷ. ಇಪ್ಪತ್ತು ಲಕ್ಷದ ಅಂತರ ನಿಂತಿರುವುದು ಒಂದೇ ಒಂದು ದರದ ಮೇಲೆ. ಹಾಗಾಗಿ ನಿಮ್ಮ ತಜ್ಞರು ದರವನ್ನು ಏಕೆ ಆರಿಸಿದರು ಎಂಬ ಕಾರಣವನ್ನು ವರದಿಯಲ್ಲಿಯೇ ಬರೆಯಲಿ. ಹಳೆಯ ಯಂತ್ರ ಮಾರಿದ್ದರಿಂದ ಒಂದು ವರ್ಷ ಬಂದ ಲಾಭವನ್ನು ಸರಾಸರಿಯಿಂದ ತೆಗೆಯಲಿ. ಸಂಬಳ ಪಡೆಯದೆ ದುಡಿದ ಪಾಲುದಾರರ ಶ್ರಮಕ್ಕೆ ಮಾರುಕಟ್ಟೆಯ ಸಂಬಳವನ್ನು ಖರ್ಚಾಗಿ ಕಳೆಯಲಿ. ಇದನ್ನು ಮರೆತರೆ ಎದುರು ಪಕ್ಷದ ವಕೀಲರು ಮರೆಯುವುದಿಲ್ಲ.

ಗುಡ್‌ವಿಲ್ ಅನ್ನೂ, ಅಂದರೆ ವ್ಯಾಪಾರ ಗಳಿಸಿದ ಹೆಸರು ಮತ್ತು ಗಿರಾಕಿಗಳ ವಿಶ್ವಾಸದ ಬೆಲೆಯನ್ನೂ, ಕೈಬಿಡಬೇಡಿ. ಅದು ಸಂಸ್ಥೆಯ ಆಸ್ತಿಯೇ ಎಂದು ಪಾಲುದಾರಿಕೆ ಕಾಯ್ದೆಯ 14ನೇ ಕಲಂ ಹೇಳುತ್ತದೆ, ಮತ್ತು ಪತ್ರದಲ್ಲಿ ವಿರುದ್ಧವಾದ ಷರತ್ತಿಲ್ಲದಿದ್ದರೆ ತೀರಿಕೊಂಡ ಪಾಲುದಾರರ ವಾರಸುದಾರರಿಗೂ ಅದರಲ್ಲಿ ಪಾಲಿದೆ ಎಂಬುದನ್ನು ಸುಪ್ರೀಂ ಕೋರ್ಟ್ 1970ರಲ್ಲಿ ಎತ್ತಿಹಿಡಿದಿದೆ.

ಕರಾರು ಮುರಿದ ನಷ್ಟಕ್ಕೆ ಅಳತೆ ಬೇರೆ. 1872ರ ಕರಾರು ಕಾಯ್ದೆಯ 73ನೇ ಕಲಮಿನ ಪ್ರಕಾರ, ಕರಾರು ಮುರಿದದ್ದರಿಂದ ಸಹಜವಾಗಿ ಉಂಟಾದ ನಷ್ಟ ಮತ್ತು ಕರಾರಾಗುವಾಗಲೇ ಇಬ್ಬರಿಗೂ ತಿಳಿದಿದ್ದ ಸಂಭಾವ್ಯ ನಷ್ಟಕ್ಕೆ ಪರಿಹಾರವುಂಟು, ದೂರದ, ಪರೋಕ್ಷ ನಷ್ಟಕ್ಕಿಲ್ಲ. ಇದು ಎಷ್ಟು ಕಟ್ಟುನಿಟ್ಟು ಎಂಬುದನ್ನು ಮುರಳೀಧರ ಚಿರಂಜಿಲಾಲ್ ಪ್ರಕರಣ ತೋರಿಸುತ್ತದೆ. ಅಲ್ಲಿ ಕ್ಯಾನ್ವಾಸ್ ಬಟ್ಟೆಯನ್ನು ಕಾನ್ಪುರದಲ್ಲಿ ರೈಲಿಗೇರಿಸಿ ಕಲ್ಕತ್ತೆಗೆ ಕಳುಹಿಸಬೇಕಿತ್ತು, ಮಾರಾಟಗಾರರು ಕಳುಹಿಸಲಿಲ್ಲ. ಕೊಳ್ಳುವವರು ಕಲ್ಕತ್ತೆಯ ದರವನ್ನು ಮುಂದಿಟ್ಟರು. ಆದರೆ ಸರಕು ಒಪ್ಪಿಸಬೇಕಾಗಿದ್ದ ಕಾನ್ಪುರದಲ್ಲಿ, ಕರಾರು ಮುರಿದ ದಿನದಂದು ಇದ್ದ ದರವನ್ನು ರುಜುವಾತುಪಡಿಸಲಿಲ್ಲ. ಕರಾರು ಮುರಿದದ್ದು ನಿಜವಾಗಿದ್ದರೂ ಅವರಿಗೆ ನಷ್ಟ ಪರಿಹಾರ ದಕ್ಕಲಿಲ್ಲ. ಎ.ಪಿ.ಎಂ.ಸಿ.ಯ ದರಪಟ್ಟಿಯನ್ನೋ ಅದೇ ದಿನದ ಬೇರೆ ವರ್ತಕರ ಬಿಲ್ಲನ್ನೋ ಅಂದೇ ಸಂಗ್ರಹಿಸಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ. ಜೊತೆಗೆ, ನಷ್ಟ ತಗ್ಗಿಸಲು ನೀವು ಏನು ಮಾಡಿದಿರಿ, ಬೇರೆಡೆ ಸರಕು ಹುಡುಕಿದಿರಾ ಎಂಬುದಕ್ಕೂ ಪತ್ರ, ಇ-ಮೇಲ್‌ಗಳ ಪುರಾವೆ ಬೇಕು.

ಕೈತಪ್ಪಿದ ಲಾಭದ ವಿಷಯದಲ್ಲಿ ಹೆಚ್ಚು ಎಚ್ಚರ ಅಗತ್ಯ. ಗುತ್ತಿಗೆಯನ್ನು ಅನ್ಯಾಯವಾಗಿ ರದ್ದುಪಡಿಸಿದ ಎ.ಟಿ. ಬ್ರಿಜ್ ಪಾಲ್ ಸಿಂಗ್ ಪ್ರಕರಣದಲ್ಲಿ, 1984ರಲ್ಲಿ, ಉಳಿದ ಕಾಮಗಾರಿಯ ಮೌಲ್ಯದ ಶೇಕಡಾ 15ನ್ನು ಲಾಭದ ನಷ್ಟವೆಂದು ಸುಪ್ರೀಂ ಕೋರ್ಟ್ ಕೊಡಿಸಿತು. ಅದನ್ನು ಎಲ್ಲರಿಗೂ ಸಲ್ಲುವ ದರವೆಂದು ತಿಳಿದು ಬೇಡಿಕೆ ಬರೆಯುವುದು ತಪ್ಪು. 2023ರ ಬಾಟ್ಲಿಬಾಯ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆಡಳಿತ ವೆಚ್ಚ ಮತ್ತು ಲಾಭವನ್ನು ಸರಿಯಾದ ಆಧಾರವಿಲ್ಲದೆ, ಎರಡೆರಡು ಬಾರಿ ಎಣಿಸುವಂತೆ ಸೂತ್ರದಿಂದ ಲೆಕ್ಕಹಾಕಿದ್ದ ಆರ್ಬಿಟ್ರೇಷನ್ (ಪಂಚರ) ತೀರ್ಪನ್ನು ಒಪ್ಪಲಿಲ್ಲ. ಕರಾರಿನಲ್ಲಿಯೇ ದಂಡದ ಮೊತ್ತ ಬರೆದಿದ್ದರೆ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯೋಚಿತವಾದಷ್ಟೇ ಸಿಗುತ್ತದೆ.

ದಾಖಲೆಗಳ ಬಗ್ಗೆ ಒಂದು ಮುಖ್ಯ ಮಾತು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 28ನೇ ಕಲಮಿನಂತೆ ಲೆಕ್ಕದ ಪುಸ್ತಕದ ನಮೂದು ಪ್ರಸ್ತುತವೇನೋ ಹೌದು, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ಆದ್ದರಿಂದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್‌ಗಳು ನಮೂದಿನ ಬೆನ್ನಿಗಿರಬೇಕು. ಕಂಪ್ಯೂಟರಿನ ಲೆಕ್ಕವನ್ನು ಮುದ್ರಿಸಿ ಕೊಡುವುದಾದರೆ ಅದು ಯಾವ ಕಂಪ್ಯೂಟರಿನಿಂದ, ಹೇಗೆ ಬಂತೆಂದು ದೃಢೀಕರಿಸುವ, ಅದೇ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ತಜ್ಞರ ಅಭಿಪ್ರಾಯ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ. ಎರಡು ವರದಿಗಳಲ್ಲಿ ಯಾವುದು ತನ್ನ ಅಂಕಿಗಳ ಮೂಲವನ್ನು ತೋರಿಸುತ್ತದೋ ಅದಕ್ಕೇ ತೂಕ. ಎರಡೂ ಸಾಲದಾದಾಗ, ಲೆಕ್ಕ ಪರಿಶೀಲಿಸಲು ನ್ಯಾಯಾಲಯವೇ ಕಮಿಷನರನ್ನು ನೇಮಿಸಬಹುದು. ಪಾಲುದಾರಿಕೆ ವಿಸರ್ಜನೆಯ ದಾವೆಗಳಲ್ಲಿ ಮೊದಲು ಪ್ರಾಥಮಿಕ ಡಿಕ್ರಿಯಲ್ಲಿ ಪಾಲುಗಳು ನಿಶ್ಚಯವಾಗಿ, ಲೆಕ್ಕ ಮುಗಿದ ಬಳಿಕ ಅಂತಿಮ ಡಿಕ್ರಿಯಲ್ಲಿ ಮೊತ್ತ ಬರುವುದರಿಂದ, ಮೊದಲ ಹಂತದಲ್ಲೇ ಅಂಕಿ ಸಿಗಲಿಲ್ಲವೆಂದು ಎದೆಗುಂದಬೇಕಿಲ್ಲ.

ಇಷ್ಟೆಲ್ಲ ಸಿದ್ಧತೆಗೂ ಗಡುವಿದೆ. ವಿಸರ್ಜಿತ ಪಾಲುದಾರಿಕೆಯ ಲೆಕ್ಕ ಕೇಳಲು ವಿಸರ್ಜನೆಯ ದಿನದಿಂದ, ಕರಾರು ಮುರಿದದ್ದಕ್ಕೆ ಪರಿಹಾರ ಕೇಳಲು ಮುರಿದ ದಿನದಿಂದ, ಮೂರು ವರ್ಷಗಳೊಳಗೆ ದಾವೆ ಹೂಡಬೇಕು. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೌಲ್ಯದ ವಾಣಿಜ್ಯ ವಿವಾದದಲ್ಲಿ, ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ, ದಾವೆಗೆ ಮುನ್ನ ಮಧ್ಯಸ್ಥಿಕೆಯ ಮೂಲಕ ರಾಜಿಗೆ ಯತ್ನಿಸುವುದು ಕಡ್ಡಾಯ. ಆ ಯತ್ನದಲ್ಲಿ ಕಳೆದ ಅವಧಿಯನ್ನು ಗಡುವಿನ ಎಣಿಕೆಯಿಂದ ಬಿಡಲಾಗುತ್ತದೆ. ಮೌಲ್ಯಮಾಪನದ ವರದಿಯನ್ನು ಆ ಮಾತುಕತೆಗೆ ಕೂರುವ ಮೊದಲೇ ಮಾಡಿಸಿಟ್ಟುಕೊಳ್ಳಿ.