ನೀರು ಆರುವ ಮೊದಲೇ ಹಚ್ಚಿ: ರಾಯಚೂರಿನ ಹವೆಯಲ್ಲಿ ನನ್ನ ಕೂಸಿನ ಚರ್ಮದ ಆರೈಕೆ

ನನ್ನ ಮಗಳು ಹುಟ್ಟಿದ್ದು ನವೆಂಬರ್‌ನಲ್ಲಿ. ಅಷ್ಟೊತ್ತಿಗೆ ರಾಯಚೂರಲ್ಲಿ ಮಳೆ ಮುಗಿದು ಒಣ ಗಾಳಿ ಶುರುವಾಗಿರುತ್ತದೆ. ದೊಡ್ಡವರ ತುಟಿ, ಹಿಮ್ಮಡಿಯೇ ಒಡೆಯುವ ಕಾಲ ಅದು. ಅವಳು ಬೋರಲು ಬೀಳೋದು ಕಲಿಯುವ ಹೊತ್ತಿಗೆ ಬೇಸಿಗೆ ಬಂತು, ಬಿಸಿಲು 40 ಡಿಗ್ರಿ ದಾಟಿತು. ಮೊದಲ ವರ್ಷದಲ್ಲೇ ಎರಡು ಬೇರೆ ಬೇರೆ ಹವೆಯಲ್ಲಿ ಕೂಸಿನ ಚರ್ಮ ಕಾಪಾಡಬೇಕಾಯಿತು. ಒಂದೇ ಕ್ರೀಮಿನ ಡಬ್ಬಿ ತಂದು ವರ್ಷಪೂರ್ತಿ ಒಂದೇ ಥರ ಹಚ್ಚಿದರೆ ನಮ್ಮ ಕಡೆ ನಡೆಯೋದಿಲ್ಲ. ಯಾವ ಕಂಪನಿಯದು ಅನ್ನೋದಕ್ಕಿಂತ ಯಾವಾಗ ಹಚ್ಚುತ್ತೀವಿ, ಎಷ್ಟು ಹಚ್ಚುತ್ತೀವಿ ಅನ್ನೋದೇ ಮುಖ್ಯ.

ಹುಟ್ಟಿದಾಗ ಕೂಸಿನ ಮೈಮೇಲೆ ಬೆಣ್ಣೆ ಬಳಿದ ಹಾಗೆ ಒಂದು ಬಿಳಿ ಪದರ ಇರುತ್ತದೆ. ಚರ್ಮದ ತೇವ ಕಾಯುವ ಮೊದಲ ಲೇಪ ಅದೇ. ಅದನ್ನು ತಿಕ್ಕಿ ತೆಗೀಬೇಡಿ ಅಂತ ವಾರ್ಡಿನ ಸಿಸ್ಟರ್ ಹೇಳಿದ್ದರು. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮನೆಗೆ ಬಂದ ಮೇಲೆ ಕೈ, ಪಾದ, ಹೊಟ್ಟೆಯ ಮೇಲೆ ಸಿಪ್ಪೆ ಏಳತೊಡಗಿತು. ನೋಡಲು ಬಂದವರೆಲ್ಲ ಗಾಬರಿಯಾದರು. ದಿನ ತುಂಬಿ ಹುಟ್ಟಿದ ಕೂಸಿಗೆ ಇದು ಸಹಜ. ಕೆಲವು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಕೆಂಪಾಗಿಲ್ಲ, ಬಿರುಕಿಲ್ಲ ಅಂದರೆ ಸುಮ್ನೆ ಬಿಡಬೇಕು. ಸಿಪ್ಪೆಯನ್ನು ಕೈಯಿಂದ ಎಳೆಯಲೇಬಾರದು.

ಕೂಸಿನ ಚರ್ಮದ ಹೊರಪದರ ದೊಡ್ಡವರದಕ್ಕಿಂತ ಸುಮಾರು 30 ಶೇಕಡಾ ತೆಳು. ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಕಳೆದುಕೊಳ್ಳುತ್ತದೆ. ಹುಟ್ಟಿದಾಗ ಚರ್ಮದಲ್ಲಿ ಹುಳಿ ಗುಣವೂ ಕಮ್ಮಿ ಇರುತ್ತದೆ, ವಾರಗಳು ಕಳೆದ ಹಾಗೆ ನಿಧಾನಕ್ಕೆ ಬರುತ್ತದೆ. ಆ ಹುಳಿಯೇ ರೋಗಾಣುಗಳಿಂದ ಕಾಯೋದು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10, ಅಂದರೆ ಹುಳಿಗೆ ತದ್ವಿರುದ್ಧವಾದ ಕ್ಷಾರ ಗುಣ. ಅಂಥ ಸೋಪು ದಿನಾ ತಿಕ್ಕಿದರೆ ಆ ಕಾವಲು ಕಟ್ಟಿಕೊಳ್ಳೋಕೇ ಬಿಡೋದಿಲ್ಲ. ಇಷ್ಟು ತಿಳಿದ ಮೇಲೆ ನನ್ನ ಗಮನ ಹಚ್ಚುವ ಕ್ರೀಮಿನಿಂದ ಎರೆಯುವ ನೀರಿನ ಕಡೆ ಹೋಯಿತು.

ನಮ್ಮ ಬೋರಿನ ನೀರು ಸವಳು. ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಸೋಪು ನೊರೆ ಬರೋದಿಲ್ಲ. ನೊರೆ ಬರಲಿ ಅಂತ ಜಾಸ್ತಿ ಸೋಪು ಹಾಕುತ್ತೀವಿ. ಅದು ಪೂರ್ತಿ ತೊಳೆದುಹೋಗದೆ ಜಿಗುಟಾಗಿ ಮೈಮೇಲೆ ಉಳಿಯುತ್ತದೆ, ಆಮೇಲೆ ಚರ್ಮ ಬಿಗಿಯುತ್ತದೆ. ಗಡಸು ನೀರು ಇರುವ ಕಡೆ ಕೂಸುಗಳಲ್ಲಿ ಎಕ್ಸಿಮಾ (ಚರ್ಮ ಕೆಂಪಾಗಿ, ಒರಟಾಗಿ ಕೆರೆತ ಬರುವ ತೊಂದರೆ) ಜಾಸ್ತಿ ಕಾಣುತ್ತದೆ ಅಂತ ಇಂಗ್ಲೆಂಡಿನ ಅಧ್ಯಯನವೂ ಒಂದಿದೆ. ಅದಕ್ಕೇ ನಾನು ನಳದ ನೀರು ಬಂದ ದಿನ ಕೂಸಿಗೆ ಅಂತಲೇ ಎರಡು ಕೊಡ ತುಂಬಿಸಿ ಮುಚ್ಚಿಡುತ್ತಿದ್ದೆ. ನಳದ್ದು ನದಿ ನೀರು, ಬೋರಿನಷ್ಟು ಗಡಸಲ್ಲ. ನಳ ಬಾರದ ದಿನ ಬೋರಿನ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಪುಡಿ ಬಿಟ್ಟು ಮೇಲಿನ ತಿಳಿ ಮಾತ್ರ ಬಳಸುತ್ತಿದ್ದೆ. ಕುದಿಸಿದರೆ ಗಡಸುತನ ಎಲ್ಲ ಹೋಗೋದಿಲ್ಲ, ಒಂದಷ್ಟು ಇಳಿಯುತ್ತದೆ.

ನಮ್ಮಲ್ಲಿ ಎರೆಯೋದು ಅಂದರೆ ದೊಡ್ಡ ಕೆಲಸ. ಎರೆಯುವ ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಕಡಲೆ ಹಿಟ್ಟು ಹಚ್ಚಿ, ಬಿಸಿ ಬಿಸಿ ನೀರು ಹುಯ್ಯುತ್ತಾರೆ. ಆ ಕೈಗಳ ಅನುಭವದ ಮೇಲೆ ನನಗೆ ಗೌರವ ಇದೆ. ಕೂಸು ಅಷ್ಟು ಚೆಂದ ನಿದ್ದೆ ಮಾಡೋದು ಆ ನೀವುವಿಕೆಯಿಂದಲೇ. ಅದಕ್ಕೆ ಎರೆಯೋದನ್ನು ಬಿಡಿಸಲಿಲ್ಲ, ಮೂರು ಮಾತು ಮಾತ್ರ ಕೇಳಿಕೊಂಡೆ. ನೀರು ಮೊಣಕೈಗೆ ಬೆಚ್ಚಗೆ ಹತ್ತಿದರೆ ಸಾಕು. ಹಿಟ್ಟು ಹಾಕಿ ತಿಕ್ಕೋದು ಬೇಡ. ಎಲ್ಲ ಸೇರಿ ಹತ್ತು ನಿಮಿಷದೊಳಗೆ ಮುಗಿಯಲಿ. "ಹಿಟ್ಟ ಹಚ್ಚಲಿಲ್ಲ ಅಂದ್ರ ಎಣ್ಣಿ ಜಿಡ್ಡ ಹೆಂಗ ಹೋಗತೈತಿ ಬೇ?" ಅಂತ ಅಜ್ಜಿ ಕೇಳಿದರು. "ಸ್ವಲ್ಪ ಜಿಡ್ಡು ಇರಲಿ ಬಿಡಬೇ ಅಜ್ಜಿ, ಅದಽ ಬೇಕು ಅದಕ್ಕ" ಅಂದೆ. ಅವ್ವ ನನ್ನ ಕಡೆ ನಿಂತಳು, ಮಾತು ಮುಗಿಯಿತು. ಸುವಾಸನೆ ಇಲ್ಲದ ಸೌಮ್ಯ ಕ್ಲೆನ್ಸರ್ ಒಂದಿಷ್ಟು ಇಟ್ಟುಕೊಂಡಿದ್ದೆ. ಅದೂ ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿಗೆ ಮಾತ್ರ. ಉಳಿದ ಮೈಗೆ ಬರೀ ನೀರು.

ಇನ್ನು ಹಚ್ಚುವ ವಿಷಯ. ಎಲ್ಲಕ್ಕಿಂತ ಜಾಸ್ತಿ ಫರಕು ಕಂಡಿದ್ದು ಇಲ್ಲೇ. ಸ್ನಾನಕ್ಕೆ ಮೊದಲೇ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಚಾಪೆಯ ಮೇಲೆ ಹಳೇ ಕಾಟನ್ ಸೀರೆಯ ತುಂಡು ಹಾಸುತ್ತಿದ್ದೆ. ಕ್ರೀಮು, ಲಂಗೋಟಿ, ಅಂಗಿ, ಕುಂಚಿಗೆ ಎಲ್ಲ ಕೈಗೆ ಸಿಗುವ ಹಾಗೆ ಇರಬೇಕು. ಕೂಸನ್ನು ತಂದ ತಕ್ಷಣ ಒರೆಸೋದಲ್ಲ, ಬಟ್ಟೆಯನ್ನು ಮೈಮೇಲೆ ಮೆಲ್ಲಗೆ ಒತ್ತಿ ಒತ್ತಿ ತೆಗೆಯೋದು. ಮಡಿಕೆಗಳು ಪೂರ್ತಿ ಒಣಗಬೇಕು, ಉಳಿದ ಚರ್ಮ ಇನ್ನೂ ಸ್ವಲ್ಪ ತೇವ ಇರಬೇಕು. ಆ ತೇವದ ಮೇಲೆಯೇ ಎರಡು ಮೂರು ನಿಮಿಷದೊಳಗೆ ಹಚ್ಚಿಬಿಡಬೇಕು. ಕ್ರೀಮು ಮಾಡುವ ಮುಖ್ಯ ಕೆಲಸ ಇದ್ದ ನೀರನ್ನು ಹೊರಗೆ ಹೋಗದ ಹಾಗೆ ತಡೆಯೋದು. ಚರ್ಮ ಒಣಗಿದ ಮೇಲೆ ಹಚ್ಚಿದರೆ ತಡೆಯೋಕೆ ಒಳಗೆ ನೀರೇ ಇರೋದಿಲ್ಲ ಅಲ್ವಾ?

ಡಬ್ಬಿಗೆ ಬೆರಳು ಅದ್ದುತ್ತಿರಲಿಲ್ಲ, ಒಣ ಚಮಚದಲ್ಲಿ ತೆಗೆಯುತ್ತಿದ್ದೆ. ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಕೂದಲು ಇರುವ ದಿಕ್ಕಿಗೇ, ಮೇಲಿನಿಂದ ಕೆಳಕ್ಕೆ ನೀವುತ್ತಾ ಬರೋದು. ಉಲ್ಟಾ ತಿಕ್ಕಿದರೆ ಕೂದಲ ಬುಡ ಮುಚ್ಚಿ ಸಣ್ಣ ಗುಳ್ಳೆ ಏಳುತ್ತವೆ. ಮೊಣಕಾಲು, ಮೊಣಕೈ, ಕೆನ್ನೆಗೆ ಇನ್ನೊಂಚೂರು. ಕ್ರೀಮು ಹಚ್ಚಿದ ಮೈ ಜಾರುತ್ತದೆ, ಎತ್ತಿಕೊಳ್ಳುವಾಗ ಬಟ್ಟೆ ಸುತ್ತಿಯೇ ಎತ್ತಬೇಕು. ಚಳಿಗಾಲದಲ್ಲಿ ಮಲಗಿಸುವ ಮುಂಚೆ ಕೈಕಾಲಿಗೆ ಇನ್ನೊಮ್ಮೆ ಹಚ್ಚುತ್ತಿದ್ದೆ.

ಏನು ಹಚ್ಚಬೇಕು ಅಂತ ಎಲ್ಲರೂ ಕೇಳುತ್ತಾರೆ. ಲೋಷನ್‌ನಲ್ಲಿ ನೀರು ಜಾಸ್ತಿ, ಕ್ರೀಮಿನಲ್ಲಿ ಅದಕ್ಕಿಂತ ಕಮ್ಮಿ, ಪೆಟ್ರೋಲಿಯಂ ಜೆಲ್ಲಿಯಲ್ಲಿ ನೀರೇ ಇಲ್ಲ. ನಮ್ಮ ಡಿಸೆಂಬರ್, ಜನವರಿಯ ಗಾಳಿಗೆ ಲೋಷನ್ ಸಾಲೋದಿಲ್ಲ. ನಾನು ಸುವಾಸನೆ ಇಲ್ಲದ ಮಂದ ಕ್ರೀಮು ಆರಿಸಿಕೊಂಡೆ. ಹೊಸದು ಏನೇ ತಂದರೂ ಮೊದಲು ಮುಂಗೈ ಒಳಭಾಗದಲ್ಲಿ ಚೂರು ಹಚ್ಚಿ ಒಂದು ದಿನ ನೋಡುತ್ತಿದ್ದೆ.

ಎಣ್ಣೆಯ ಬಗ್ಗೆ ನಮ್ಮ ಭಾಗದವರು ತಿಳಿಯಬೇಕಾದ ಮಾತೊಂದಿದೆ. ಕುಸುಬಿ ನಮ್ಮ ಎರೆ ಹೊಲದ ಬೆಳೆ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೇರಳ, ಚರ್ಮ ತನ್ನ ಹೊರಗೋಡೆ ಕಟ್ಟಿಕೊಳ್ಳೋಕೆ ಬೇಕಾದ ಕೊಬ್ಬು ಅದು. 2005ರಲ್ಲಿ 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ನವಜಾತ ಕೂಸುಗಳಿಗೆ ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ ನೀವಿ ನೋಡಿದ್ದರು. ಕುಸುಬಿ ಎಣ್ಣೆ ನೀವಿದ ಕೂಸುಗಳ ರಕ್ತದಲ್ಲಿ ಅಂಥ ಅಗತ್ಯ ಕೊಬ್ಬಿನಂಶ ಹೆಚ್ಚಿತ್ತು. ಚರ್ಮದ ಮೇಲೆ ಹಚ್ಚಿದ್ದು ಒಳಗೂ ಹೋಗುತ್ತದೆ ಅಂತಾಯಿತು. ಹಾಗಾಗಿ ಸುವಾಸನೆ, ಬಣ್ಣ ಬೆರೆಸಿದ ಎಣ್ಣೆ ಬೇಡವೇ ಬೇಡ ಅಂತ ನಿಶ್ಚಯ ಮಾಡಿದೆ. ಎರೆಯುವ ಮುಂಚಿನ ನೀವುವಿಕೆಗೆ ಕುಸುಬಿ ಎಣ್ಣೆ, ಇಲ್ಲವಾದರೆ ಕೊಬ್ಬರಿ ಎಣ್ಣೆ ಬಳಸಿದೆ. ಆಲಿವ್ ಎಣ್ಣೆ ಉಡುಗೊರೆಯಾಗಿ ಬಂದಿತ್ತು, ಕೂಸಿಗೆ ಮುಟ್ಟಿಸಲಿಲ್ಲ. 2013ರ ಅಧ್ಯಯನವೊಂದರಲ್ಲಿ ಅದು ದೊಡ್ಡವರ ಚರ್ಮದ ಹೊರಪದರವನ್ನೇ ಸಡಿಲ ಮಾಡಿತ್ತು.

ಮಾರ್ಚ್ ಬಂದ ಮೇಲೆ ಎಲ್ಲ ಬದಲಾಯಿಸಿದೆ. ಸೆಕೆಯಲ್ಲಿ ದಪ್ಪಗೆ ಎಣ್ಣೆ, ಜೆಲ್ಲಿ ಬಳಿದರೆ ಬೆವರಿನ ದಾರಿ ಕಟ್ಟಿ ಬೆವರುಸಾಲೆ ಏಳುತ್ತದೆ. ಬೇಸಿಗೆಯಲ್ಲಿ ತೆಳು ಲೋಷನ್, ಅದೂ ಕೈಕಾಲಿಗೆ ಮಾತ್ರ. ಎದೆ, ಬೆನ್ನು, ಕುತ್ತಿಗೆ ಖಾಲಿ. ಮಧ್ಯಾಹ್ನ ಒದ್ದೆ ಬಟ್ಟೆಯಿಂದ ಒಮ್ಮೆ ಮೈ ಒತ್ತಿ, ತೆಳ್ಳನೆ ಕಾಟನ್ ಅಂಗಿ ಹಾಕುತ್ತಿದ್ದೆ. ಕೂಲರ್ ಗಾಳಿ ನೇರ ಮೈಮೇಲೆ ಬೀಳದ ಹಾಗೆ ತೊಟ್ಟಿಲು ಸರಿಸಿದೆ. ಪೌಡರ್ ಮನೆಗೇ ತರಲಿಲ್ಲ. ಅದರ ಧೂಳು ಕೂಸಿನ ಉಸಿರಲ್ಲಿ ಹೋಗುತ್ತದೆ, ಬೆವರಿಗೆ ಸೇರಿ ಮಡಿಕೆಯಲ್ಲಿ ಗಂಟು ಕಟ್ಟುತ್ತದೆ.

ಎರೆದ ಮೇಲೆ ಲೋಬಾನ ಹೊಗೆ ಹಾಕುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದೆವು. ಹೊಗೆ ಎಳೆ ಉಸಿರಿಗೆ ಒಳ್ಳೇದಲ್ಲ. ಇನ್ನೊಂದು ಭಯವೂ ಇದೆ: ಎಣ್ಣೆ, ಜೆಲ್ಲಿ ಹತ್ತಿದ ಬಟ್ಟೆಗೆ ಕಿಡಿ ತಾಕಿದರೆ ಬೇಗ ಹೊತ್ತಿಕೊಳ್ಳುತ್ತದೆ. ಕೂಸನ್ನು ಕೆಂಡದ ಹತ್ತಿರ ಹಿಡಿಯುವವರು ಇದನ್ನು ದಯವಿಟ್ಟು ಮರೆಯಬೇಡಿ.

ದಿನಾ ಕ್ರೀಮು ಹಚ್ಚಿದರೆ ಎಕ್ಸಿಮಾ ಬರೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ಚರ್ಮ ಚೆನ್ನಾಗಿದ್ದರೆ ಹಚ್ಚಲೇಬೇಕು ಅಂತ ಕಡ್ಡಾಯವೂ ಇಲ್ಲ. ಒಣಗಿದಾಗ ಹಚ್ಚಬೇಕು, ನಮ್ಮ ಊರಲ್ಲಿ ಬೇಗ ಒಣಗುತ್ತದೆ, ಅದಕ್ಕೇ ಇಷ್ಟೆಲ್ಲ. ಕೆನ್ನೆ, ಮೊಣಕೈ ಸಂದಿಯಲ್ಲಿ ಕೆಂಪು ಒರಟು ಕಲೆ ಎದ್ದು ಹೋಗದೇ ಇದ್ದರೆ, ಕೂಸು ಕೆರೆದುಕೊಂಡು ನಿದ್ದೆಗೆಟ್ಟರೆ, ನೀರು ಜಿನುಗಿದರೆ, ಹಳದಿ ಹಕ್ಕಳೆ ಕಟ್ಟಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ ಗುಳ್ಳೆಯ ಜೊತೆ ಜ್ವರ ಬಂದರೆ ಅವತ್ತೇ ಹೋಗಬೇಕು. ಹೋಗುವಾಗ ಹಚ್ಚುತ್ತಿರುವ ಎಣ್ಣೆ, ಕ್ರೀಮು, ಸೋಪು ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಬೋರಿನ ನೀರು ಎರೆಯುತ್ತಿದ್ದರೆ ಅದನ್ನೂ ಹೇಳಿ.