ಹಾವು ಬಂದು ಸೇರದಂತೆ ಸೊಪ್ಪೆ ಬಣವೆ ಒಟ್ಟುವುದು ಹೇಗೆ?

ಮೆಕ್ಕೆಜೋಳ ಮುರಿದು ಸೊಪ್ಪೆ ಒಟ್ಟುವಷ್ಟರಲ್ಲಿ ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆ ಚಳಿ ಶುರುವಾಗಿರುತ್ತದೆ. ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳದು. ಬಿಸಿಲೋ ಕಾದ ಕಲ್ಲೋ ಬೇಕು. ಹಿಮ ಬೀಳುವ ನಾಡಿನ ಹಾವುಗಳು ತಿಂಗಳುಗಟ್ಟಲೆ ಬಿಲದಲ್ಲೇ ಉಳಿಯುತ್ತವೆ. ನಮ್ಮವು ರಾತ್ರಿ ಮುದುಡಿ ಮಲಗಿ, ಹೊತ್ತೇರಿದ ಮೇಲೆ ಬಿಸಿಲು ಕಾಯಲು ಬರುತ್ತವೆ. ಕೊಳಕುಮಂಡಲಕ್ಕಂತೂ ಚಳಿಗಾಲವೇ ಗಂಡು ಹೆಣ್ಣು ಕೂಡುವ ಕಾಲ. ‘ಚಳಿಗೆ ಹಾವು ಮಲಗಿರ್ತಾವೆ ಬಿಡು’ ಎಂಬ ಮಾತು ನಂಬಬೇಡಿ.

ನಾಗರಹಾವಾಗಲಿ ಕೊಳಕುಮಂಡಲವಾಗಲಿ ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತ, ಇಲಿ ಕೊರೆದ ಬಿಲ, ಬದುವಿನ ಕಲ್ಲುಗುಡ್ಡೆ, ಚಿತ್ರದುರ್ಗದ ಬಂಡೆಸಂದು, ಹೀಗೆ ಸಿದ್ಧವಿರುವ ಜಾಗವನ್ನೇ ಹುಡುಕುತ್ತವೆ. ಬಣವೆಯ ಒಳಗೂ ಅದೇ ಬೆಚ್ಚನೆ, ಜೊತೆಗೆ ಇಲಿ. ಹೋದ ವರ್ಷ ನಮ್ಮ ಬಣವೆಯ ತಳದ ಸಿವುಡು ಎತ್ತಿದಾಗ ಉದ್ದನೆಯ ಪೊರೆ ಸಿಕ್ಕಿತು. ಕಣ್ಣಿನ ಮೇಲಿನ ಗುಂಡನೆಯ ಬಿಲ್ಲೆ ಕೂಡ ಅದರಲ್ಲಿ ಹಾಗೇ ಇತ್ತು. ಪಕ್ಕದಲ್ಲೇ ಇಲಿ ಕಡಿದ ಎರಡು ತೆನೆ.

ಆದ್ದರಿಂದ ಮೊದಲ ಕೆಲಸ, ಒಟ್ಟುವ ಮುಂಚೆ ಉಳಿದ ತೆನೆಗಳನ್ನು ಆರಿಸಿ ತೆಗೆಯುವುದು. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೂ ಪ್ರಯೋಜನ ಕಡಿಮೆ. ಆಮೇಲೆ ಮನೆ, ಕೊಟ್ಟಿಗೆಗಳಿಂದ ದೂರ ಜಾಗ ನೋಡಿ, ಸುತ್ತಲಿನ ಹುಲ್ಲು ಸವರಿ. ಬಣವೆಯನ್ನು ನೆಲಕ್ಕೇ ಒಟ್ಟಬೇಡಿ. ಕಲ್ಲಿಟ್ಟು, ಮೇಲೆ ಮರದ ತುಂಡು ಹಾಸಿ, ಬಗ್ಗಿದರೆ ಆಚೆ ಬದಿಯ ಬೆಳಕು ಕಾಣುವಷ್ಟು ಎತ್ತರಿಸಿ.

ಸೊಪ್ಪೆ ಹಿರಿಯುವುದು ಬಿಸಿಲೇರಿದ ಮೇಲೆಯೇ. ನಸುಕಿನಲ್ಲಿ ಮೈ ತಣ್ಣಗಾದ ಹಾವು ಓಡಿಹೋಗಲಾರದು, ಆದರೆ ಕಚ್ಚಬಲ್ಲದು. ಉದ್ದನೆಯ ಕೋಲಿನಿಂದ ತಟ್ಟಿ, ಸ್ವಲ್ಪ ಹೊತ್ತು ಕಾದು, ಮೇಲಿನಿಂದ ಒಂದೊಂದೇ ಸಿವುಡು ಇಳಿಸಿ. ಸಂದಿಗೆ ಕೈ ಹಾಕಲೇಬೇಡಿ.

ಹೊಲದಂಚಿನ ಹುತ್ತ ಅಗೆಯಬೇಡಿ, ಬದುವಿನ ಕಲ್ಲು ಕಿತ್ತುಹಾಕಬೇಡಿ. ಅಲ್ಲಿನ ನೆಲೆ ಹೋದರೆ ಹಾವು ಹಿತ್ತಲಿಗೇ ಬರುತ್ತದೆ. ಇಲಿ ತಿನ್ನುವ ಕೇರೆಹಾವೂ ಅಲ್ಲೇ ಇರುತ್ತದೆ.

ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಮದ್ದಿಗೆ ಕಾಯಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಹಾವನ್ನು ಹೊಡೆದು ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ; ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಮದ್ದು ಒಂದೇ.